ಬಾಯಿಮಾತಿನ ಮೂಲೆ

ನಮ್ಮವರು ತೀರಿಕೊಂಡ ಮೇಲೆ ನನಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಆದರೆ ಕೂರುವುದೊಂದೇ ನನಗೆ ಉಳಿದಿದ್ದ ಕೆಲಸ. ನಮ್ಮಲ್ಲಿ ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಗಂಡನ ಮನೆಯಲ್ಲೇ ಇರಬೇಕು. ಅದಕ್ಕೆ ಇದ್ದತ್ ಎನ್ನುತ್ತೇವೆ. ಹೊಸ ಬಟ್ಟೆ ಇಲ್ಲ, ಅತ್ತರ್ ಇಲ್ಲ, ಕಾರ್ಯಕ್ಕೆ ಹೋಗುವುದಿಲ್ಲ, ಹೊಸ್ತಿಲು ದಾಟುವುದಿಲ್ಲ. ಗೋಕಾಕದ ಹಳೆಯ ಓಣಿಯಲ್ಲಿ ನಮ್ಮದು ಎರಡು ಖೋಲಿಯ ಮನೆ, ಹಿಂದೆ ಸಣ್ಣ ಹಿತ್ತಲು. ಅಡುಗೆಮನೆಯಿಂದ ಮುಂದಿನ ಖೋಲಿಗೆ, ಅಲ್ಲಿಂದ ಹಿತ್ತಲಿಗೆ, ಹಿತ್ತಲಿಂದ ಮತ್ತೆ ಒಳಗೆ ತಿರುಗುತ್ತಿದ್ದೆ. ಮಡಚಿಟ್ಟ ಚಾದರವನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದೆ. ಚಹಾಕ್ಕೆ ನೀರಿಟ್ಟು ಮರೆಯುತ್ತಿದ್ದೆ. ಯಾರಾದರೂ ಬಂದು ಸಮಾಧಾನ ಹೇಳಿದರೆ ಅವರು ಎದ್ದು ಹೋಗುವುದನ್ನೇ ಕಾಯುತ್ತಿದ್ದೆ, ಹೋದ ಮೇಲೆ ಯಾಕೆ ಹೋದರು ಅನ್ನಿಸುತ್ತಿತ್ತು.

ಮುಂದಿನ ಖೋಲಿಯ ಗೋಡೆಯ ಆಚೆಗೆ ಓಣಿಯ ನಳವಿದೆ. ನಮ್ಮ ಜಾಗದ ಒಂದು ಮೂಲೆಯಲ್ಲಿ, ನಾಲ್ಕು ಕೊಡ ಸಾಲಾಗಿ ಇಡುವಷ್ಟು ಕಟ್ಟೆಯ ಮೇಲೆ. ನೀರು ಬಿಟ್ಟ ದಿನ ಅಲ್ಲಿ ಕೊಡಗಳ ಸಪ್ಪಳ, ಹೆಂಗಸರ ಬಾಯಿ ಎರಡೂ ಜೋರು. ಆದರೆ ಸಾವಿನ ಮನೆ ಎಂದು ಆಗ ಎಲ್ಲರೂ ಮೆತ್ತಗೆ ಮಾತಾಡುತ್ತಿದ್ದರು. ಕೊಡಗಳನ್ನೂ ಎತ್ತಿ ನೆಲಕ್ಕೆ ತಾಗದ ಹಾಗೆ ಇಡುತ್ತಿದ್ದರು. ಆ ಮೆತ್ತನೆಯ ಸಪ್ಪಳ ನನಗೆ ಇನ್ನಷ್ಟು ಕಳವಳ ತರುತ್ತಿತ್ತು. ನಾನು ಬರೆಯಲು ಕೂತಿರುವುದು ಆ ಮೂಲೆಯ ವಿಷಯ.

ಒಂದು ಮಳೆಗಾಲದಲ್ಲಿ ಹೊಳೆ ಊರೊಳಗೆ ಬಂದಿತ್ತು. ನಮ್ಮ ಓಣಿ ಸ್ವಲ್ಪ ಎತ್ತರದಲ್ಲಿರುವುದರಿಂದ ಮನೆಗಳೊಳಗೆ ನೀರು ಬರಲಿಲ್ಲ, ಆದರೆ ನೀರಿನ ಪೈಪುಗಳು ಒಡೆದು ಕುಡಿಯಲು ಹನಿ ಇರಲಿಲ್ಲ. ಹುಕ್ಕೇರಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ನನ್ನ ಮೈದುನ ಟೆಂಪೊದಲ್ಲಿ ನೀರಿನ ಕ್ಯಾನು ತುಂಬಿಕೊಂಡು ಬಂದ. ಅವನೂ ನಮ್ಮವರೂ ಸೇರಿ ಓಣಿಗೆಲ್ಲ ಹಂಚಿದರು. ಆಮೇಲೆ ಮುನ್ಸಿಪಾಲ್ಟಿಯವರು ಓಣಿಗೊಂದು ಸಾರ್ವಜನಿಕ ನಳ ಕೊಡುತ್ತೇವೆ, ಜಾಗ ತೋರಿಸಿ ಎಂದಾಗ ಯಾರೂ ತಮ್ಮ ಬಾಗಿಲ ಮುಂದೆ ಬೇಡ ಎಂದರು. ಗದ್ದಲ, ಕೆಸರು, ಜಗಳ ಯಾರಿಗೆ ಬೇಕು? ನಮ್ಮವರು ಮನೆಯ ಮುಂದಿನ ಮೂಲೆ ತೋರಿಸಿದರು. ಕೊಡ ಹಿಡಿದ ಹೆಂಗಸರು, ಎದುರು ಮನೆಯ ಕಾಕಾ, ಕ್ಯಾನು ಇಳಿಸುತ್ತಿದ್ದ ಮೈದುನ, ಎಲ್ಲರೂ ನಿಂತಿದ್ದಾಗ ಅವರು ಹೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ: ಈ ಮೂಲೆ ಇವತ್ತಿನಿಂದ ಓಣಿಯದು, ನೀರಿಗೆ ಕೊಟ್ಟದ್ದು, ನಮ್ಮದಲ್ಲ.

ಆಗ ಎದುರು ಮನೆಯ ಕಾಕಾ ಒಂದು ಮಾತು ಹೇಳಿದ್ದರು. ಅವರು ಲಿಂಗಾಯತರು, ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. "ಕೊಡೂದ ಕೊಟ್ಟಿ, ಛಲೋ ಆತು. ನಾಳೆ ಕಚೇರಿಗೆ ಹೋಗಿ ಬರದ ಬಿಡು" ಅಂದರು. ನಮ್ಮವರು ನಕ್ಕರು. "ಇಷ್ಟ ಮಂದಿ ಕೇಳ್ಯಾರಲ್ಲ ಕಾಕಾ, ಇನ್ನ ಯಾತರ ಕಾಗದ?" ಅಂದರು. ಬರೆಸಲೇ ಇಲ್ಲ.

ಅದು ಸೋಮಾರಿತನವಲ್ಲ. ಅವರಿಗೆ ಅದೊಂದು ನಂಬಿಕೆಯಾಗಿತ್ತು. ಅವರು ಗೋಕಾಕ ಫಾಲ್ಸಿನ ನೂಲಿನ ಗಿರಣಿಯಲ್ಲಿ ಕೆಲಸ ಮಾಡಿದವರು, ಓದಿದ್ದು ಏಳನೆಯ ಇಯತ್ತೆ. ಆದರೆ ಪಾಳಿ ಮುಗಿಸಿ ಬಂದು ಕನ್ನಡದಲ್ಲಿ ಸಿಕ್ಕ ಇತಿಹಾಸದ ಪುಸ್ತಕಗಳನ್ನೆಲ್ಲ ಓದುತ್ತಿದ್ದರು. ಪೈಗಂಬರರ ನಂತರ ಆಳಿದ ಮೊದಲ ನಾಲ್ಕು ಖಲೀಫರ ಕಾಲದ ಆಡಳಿತ ಅವರಿಗೆ ತಮ್ಮ ಸ್ವಂತ ಊರಿನ ಸುದ್ದಿಯ ಹಾಗೆ. ಸಂಜೆ ಕಾಕಾರ ಮನೆಯ ಕಟ್ಟೆಯ ಮೇಲೆ ಇಬ್ಬರೂ ಕೂತರೆ ಒಂದು ಕಡೆ ಮದೀನಾ, ಇನ್ನೊಂದು ಕಡೆ ಗೋಕಾಕ ಮುನ್ಸಿಪಾಲ್ಟಿ. ನಾನು ಬಾಗಿಲ ಒಳಗೆ ಕೂತು ಅಕ್ಕಿ ಆರಿಸುತ್ತ ಕೇಳುತ್ತಿದ್ದೆ.

ಮೊದಲ ಖಲೀಫ ಆರಿಸಿ ಬಂದ ಮರುದಿನವೇ ಹೆಗಲ ಮೇಲೆ ಬಟ್ಟೆ ಹೊತ್ತು ಮಾರಲು ಪೇಟೆಗೆ ಹೊರಟಿದ್ದರಂತೆ. ಹೊಟ್ಟೆಗೆ ಬೇಕಲ್ಲ. ಜನ ತಡೆದು, ನೀವು ನಮ್ಮ ಕೆಲಸ ನೋಡಿ, ಊಟದಷ್ಟು ಬೊಕ್ಕಸದಿಂದ ಕೊಡುತ್ತೇವೆ ಎಂದರಂತೆ. ಇದನ್ನು ಹೇಳಿ ನಮ್ಮವರು ನಮ್ಮ ವಾರ್ಡಿನ ಮೆಂಬರನ ಹೊಸ ಕಾರಿನ ಕಡೆಗೆ ಗದ್ದ ಎತ್ತಿ ತೋರಿಸುತ್ತಿದ್ದರು. ಇನ್ನೊಂದು ದಿನ ಎರಡನೆಯ ಖಲೀಫರದು. ಮಸೀದಿ ದೊಡ್ಡದು ಮಾಡಲು ಪಕ್ಕದ ಮನೆ ಬೇಕಾಯಿತು. ಮನೆಯವರು ಕೊಡುವುದಿಲ್ಲ ಎಂದರು. ಖಲೀಫರು ಜುಲುಮೆ ಮಾಡಲಿಲ್ಲ. ಇಬ್ಬರೂ ಮೂರನೆಯವರ ಮುಂದೆ ಪಂಚಾಯ್ತಿಗೆ ಹೋದರು, ತೀರ್ಪು ಖಲೀಫರ ವಿರುದ್ಧ ಬಂತು. ತೀರ್ಪು ಬಂದ ಮೇಲೆ ಮನೆಯವರು ತಾವೇ ಮನಸ್ಸು ಮಾಡಿ ಬಿಟ್ಟುಕೊಟ್ಟರು ಎಂದು ಹೇಳುತ್ತಾರೆ. "ಇಲ್ಲಿ ರಸ್ತಾ ಅಗಲ ಮಾಡಾಕ ಜೆಸಿಬಿ ಮೊದಲ ಬರತೈತಿ, ನೋಟೀಸು ಹಿಂದಿಂದ ಬರತೈತಿ" ಎಂದು ನಮ್ಮವರು ಮುಗಿಸುತ್ತಿದ್ದರು.

ಕಾಕಾ ಸುಮ್ಮನಿರುವವರಲ್ಲ. ನಮ್ಮವರನ್ನು ಖಲೀಫಾ ಸಾಹೇಬ್ರು ಎಂದೇ ಕರೆಯುತ್ತಿದ್ದರು.

"ಖರೆ ಐತಿ ಖಲೀಫಾ ಸಾಹೇಬ್ರ. ಮನಷ್ಯಾ ಛಲೋ ಇದ್ದ, ಆಡಳಿತ ಛಲೋ ನಡೀತು. ಅವ ಸತ್ತ ಮ್ಯಾಲ?"

"ಇನ್ನೊಬ್ಬರು ಬಂದ್ರು."

"ಹೆಂಗ ಬಂದ್ರು? ನಾಲ್ಕ ಮಂದ್ಯಾಗ ಮೂರ ಮಂದಿ ಕೊಲಿ ಆಗಿ ಹ್ವಾದ್ರು ಅಂತ ನೀನ ಹೇಳೀದಿ. ನಮ್ಮ ಮೆಂಬರ ಕಳ್ಳ ಇರವಲ್ನ್ಯಾಕ, ಐದ ವರ್ಷಕ್ಕ ಕೆಳಗ ಇಳಸ್ತೇವಿ. ಯಾರ ಮೂಗನ್ಯಾಗೂ ರಕ್ತ ಬರೂದಿಲ್ಲ."

 ಆಮೇಲೆ ಕಾಕಾ ಇನ್ನೂ ಒಂದು ಕೇಳಿದ್ದರು: ಆ ರಾಜ್ಯದಲ್ಲಿ ನನ್ನಂಥ ಲಿಂಗ ಕಟ್ಟಿಕೊಂಡವನ ಜಾಗ ಎಲ್ಲಿ ಇರುತ್ತಿತ್ತು? ಬೇರೆ ಧರ್ಮದವರು ತೆರಿಗೆ ಕೊಟ್ಟರೆ ಅವರ ಜೀವ, ಗುಡಿ ಎರಡಕ್ಕೂ ರಕ್ಷಣೆ ಇತ್ತು ಎಂದು ನಮ್ಮವರು ವಿವರಿಸಿದರು. ಕಾಕಾ ತಲೆಯಾಡಿಸಿದರು. "ಅಲ್ಲಿ ನಂದ ಬ್ಯಾರೆ ಪಟ್ಟಿ. ಇಲ್ಲಿ ನೀನೂ ನಾನೂ ಒಂದ ಘರಪಟ್ಟಿ ಕಟ್ಟತೇವಿ, ಒಂದ ಕಿಡಕ್ಯಾಗ ನಿಂತು, ಒಂದ ಗುಮಾಸ್ತನ ಕಡೆ ಬೈಸಿಕೊಂಡು" ಅಂದರು. ನಮ್ಮವರಿಗೆ ನಗು ತಡೆಯಲಿಲ್ಲ. ಆ ನಗುವಿಗೆ ನಾನೂ ಒಳಗೆ ನಕ್ಕಿದ್ದೆ. ಆದರೆ ಅವರು ಸೋತೆನೆಂದು ಎಂದೂ ಒಪ್ಪಲಿಲ್ಲ. ನನ್ನ ಮುಂದೆ ಮಾತ್ರ ಒಮ್ಮೆ, ಕಾಕಾ ಹೇಳುವುದೂ ಸುಳ್ಳಲ್ಲ, ಆದರೆ ಮಾತಿಗೆ ಬೆಲೆ ಇಲ್ಲದ ಕಡೆ ಕಾಗದಕ್ಕೆ ಎಷ್ಟು ದಿನ ಬೆಲೆ ಇರುತ್ತದೆ ಎಂದಿದ್ದರು.

ಚಳಿಗಾಲದ ಒಂದು ಮುಂಜಾನೆ ಅವರು ನಮಾಜಿಗೆ ಕೈಕಾಲು ತೊಳೆದು ವುಜೂ ಮಾಡಲು ಎದ್ದವರು ಹಿತ್ತಲಲ್ಲೇ ಕುಸಿದರು. ಎದೆ ಹಿಡಿದುಕೊಂಡಿದ್ದರು. ದವಾಖಾನೆಗೆ ಒಯ್ಯುವ ದಾರಿಯಲ್ಲೇ ಮುಗಿಯಿತು. ಇದರ ಬಗ್ಗೆ ಇನ್ನು ಹೆಚ್ಚು ಬರೆಯಲು ನನಗೆ ಆಗುವುದಿಲ್ಲ.

ನಲವತ್ತನೆಯ ದಿನದ ಫಾತಿಹಾ ಮುಗಿದ ಮೇಲೆ ಮೈದುನ ಮುಂದಿನ ಖೋಲಿಯಲ್ಲಿ ಕೂತು ವಿಷಯ ತೆಗೆದ. ನಮ್ಮ ಮನೆಯ ಮಾತು ಉರ್ದು. ಆದರೆ ಗೋಕಾಕದ ಉರ್ದುವಿಗೂ ಕನ್ನಡಕ್ಕೂ ನಡುವೆ ಗೋಡೆ ಇಲ್ಲವಾದ್ದರಿಂದ ಕನ್ನಡದಲ್ಲೇ ಬರೆಯುತ್ತೇನೆ. ಅವನು ಕೆಟ್ಟವನಲ್ಲ. ಅಣ್ಣನ ಕಬರಿಗೆ ಮೊದಲು ಮಣ್ಣು ಹಾಕಿದವನು, ನನಗೆ ತಿಂಗಳ ಅಕ್ಕಿ, ಎಣ್ಣೆ ತಂದು ಹಾಕುತ್ತಿದ್ದವನು.

"ಭಾಭಿ, ನಿಮ್ಮದ ಮುಂದಿಂದ ಹೆಂಗ ಅಂತ ವಿಚಾರ ಮಾಡೇನಿ. ಆ ನಳದ ಮೂಲ್ಯಾಗ ಶೆಟರ್ ಹಾಕಿ ಒಂದ ಅಂಗಡಿ ಮಾಡೂಣು. ಶೆಟರ್ ನಾನ ಮಾಡ್ತೇನಿ. ಬಾಡಿಗಿ ನಿಮಗ. ಯಾರ ಮುಂದೂ ಕೈ ಒಡ್ಡೂದ ಬ್ಯಾಡ."

ಅದು ಓಣಿಗೆ ಕೊಟ್ಟದ್ದಲ್ಲವೇ ಎಂದು ನಾನು ಕೇಳಿದೆ. ಕಚೇರಿಯ ದಾಖಲೆ, ಉತಾರ ತೆಗೆಸಿ ನೋಡಿದ್ದೇನೆ ಎಂದ ಅವನು. ಆಸ್ತಿಯ ಉತಾರದಲ್ಲಿ ಆ ಮೂಲೆ ಮನೆಯ ಜಾಗದೊಳಗೇ ಇದೆ, ಓಣಿಯ ಹೆಸರು ಎಲ್ಲೂ ಇಲ್ಲ. ಅಷ್ಟೇ ಅಲ್ಲ, ನಮಗೆ ಮಕ್ಕಳಿಲ್ಲದ್ದರಿಂದ ನಮ್ಮ ಶರೀಅತ್ತಿನ ಲೆಕ್ಕದಲ್ಲಿ ಮನೆಯ ಕಾಲು ಪಾಲು ನನಗೆ, ಮುಕ್ಕಾಲು ತಮ್ಮನಾದ ಅವನಿಗೆ. ಇದನ್ನು ಅವನು ಅಹಂಕಾರದಿಂದ ಹೇಳಲಿಲ್ಲ, ತಲೆ ತಗ್ಗಿಸಿ ಹೇಳಿದ. ಆದರೂ ಹೇಳಿದ.

ಅವನು ಹೋದ ಮೇಲೆ ನನ್ನ ತಿರುಗಾಟ ಹೆಚ್ಚಾಯಿತು. ಅಂಗಡಿಯ ಬಾಡಿಗೆ ಬಂದರೆ ನನಗೆ ಅನುಕೂಲವಾಗುತ್ತಿತ್ತು, ಅದನ್ನು ಮುಚ್ಚಿಡುವುದಿಲ್ಲ. ಹೊಲಿಗೆಯಿಂದ ಬರುವುದು ಎಷ್ಟು? ಆದರೆ ಸತ್ತವರ ಬಳಿ ಉಳಿಯುವುದು ಅವರು ಆಡಿದ ಮಾತು ಒಂದೇ. ಆ ಮಾತಿನ ಮೇಲೆ ಶೆಟರ್ ಎಳೆದು ಅದರ ಬಾಡಿಗೆ ನಾನು ಉಣ್ಣುವುದೆಂದರೆ ಅವರನ್ನು ಇನ್ನೊಮ್ಮೆ ಹೂತ ಹಾಗೆ ಅನ್ನಿಸುತ್ತಿತ್ತು. ಹೆಚ್ಚು ದಿನ ವಿಚಾರ ಮಾಡಲು ಸಮಯವೂ ಸಿಗಲಿಲ್ಲ. ಓಣಿಗೆ ಗಟಾರದ ಕೆಲಸ ಬಂತು.

ಇಂಜಿನಿಯರ್ ಟೇಪು ಹಿಡಿದುಕೊಂಡು ಬಂದ ದಿನ ಮೈದುನನೂ ಹುಕ್ಕೇರಿಯಿಂದ ಬಂದಿದ್ದ. ಅವನಿಗೆ ಯಾರೋ ಫೋನು ಮಾಡಿದ್ದರು. ನಾನು ಬಾಗಿಲ ಪರದೆಯ ಹಿಂದೆ ನಿಂತಿದ್ದೆ. ಇಂಜಿನಿಯರ್ ಹೇಳಿದ್ದು ಇಷ್ಟು: ನಳ ಖಾಸಗಿ ಜಾಗದಲ್ಲಿದೆ. ಜಾಗ ಓಣಿಯದಾದರೆ ಗಟಾರದ ಜೊತೆ ಹೊಸ ಕಟ್ಟೆ ಕಟ್ಟಿ ಕೊಡುತ್ತೇವೆ. ಮನೆಯವರದಾದರೆ ನಳ ಕಿತ್ತು ಓಣಿಯ ಆ ತುದಿಗೆ, ಮುಖ್ಯ ರಸ್ತೆಯ ಬಾಜೂಕೆ ಹಾಕುತ್ತೇವೆ. ಯಾರದು ಹೇಳಿ.

"ನಮ್ಮದ್ರಿ. ಉತಾರ ಐತಿ" ಅಂದ ಮೈದುನ.

ನಳದ ಬಳಿ ನಿಂತ ಹೆಂಗಸರು ಒಬ್ಬರೂ ಮಾತಾಡಲಿಲ್ಲ. ನಮ್ಮ ಮನೆಯ ಸಾವಿಗೆ ಮರ್ಯಾದೆ ಕೊಟ್ಟು ಅವರು ಬಾಯಿ ಮುಚ್ಚಿದ್ದರು ಎಂದು ನನಗೆ ಗೊತ್ತು. ಬೇರೆ ದಿನವಾಗಿದ್ದರೆ ಇಂಜಿನಿಯರ್ ಅಲ್ಲಿಂದ ಹೋಗುವುದೇ ಕಷ್ಟವಿತ್ತು. ಕಾಕಾ ಕಟ್ಟೆಯ ಮೇಲಿಂದ ಎದ್ದು ನಿಂತರು, ಆದರೆ ನನ್ನ ಬಾಗಿಲ ಕಡೆ ನೋಡಿ ಸುಮ್ಮನಾದರು. ಬೇರೆಯವರ ಮನೆಯ ಆಸ್ತಿಯಲ್ಲಿ ಬಾಯಿ ಹಾಕುವುದು ಹೇಗೆ? ಹೀಗೆ ಎಲ್ಲರ ಮರ್ಯಾದೆಯೂ ಸೇರಿ ಆ ಮಾತನ್ನು ಮುಗಿಸುತ್ತಿತ್ತು.

ಪರದೆಯ ಹಿಂದಿನಿಂದಲೇ ನಾನು ಹೇಳಿದೆ: "ಆ ಮೂಲಿ ಓಣೀದ್ರಿ. ನಮ್ಮವರು ಕೊಟ್ಟಾರ."

ನನ್ನ ದನಿ ನನಗೇ ಪರಕೀಯವಾಗಿ ಕೇಳಿಸಿತು. ಅಷ್ಟು ದಿನಗಳಲ್ಲಿ ಹೊರಗಿನ ಗಂಡಸಿನ ಜೊತೆ ಆಡಿದ ಮೊದಲ ಮಾತು ಅದು. ಮೈದುನ ತಿರುಗಿ ನೋಡಿದ. ಇಂಜಿನಿಯರ್ ಸ್ವಲ್ಪ ತಡೆದು, ಅಮ್ಮಾರ, ಮನೆಯೊಳಗಿಂದ ಹೇಳಿದರೆ ನಾನು ಬರೆದುಕೊಳ್ಳಲು ಬರುವುದಿಲ್ಲ, ನೀವೇ ಕಚೇರಿಗೆ ಬಂದು ಹೇಳಬೇಕು, ಎಂಟು ದಿನ ಕೆಲಸ ನಿಲ್ಲಿಸುತ್ತೇನೆ ಎಂದು ಮೃದುವಾಗಿಯೇ ಹೇಳಿ ಹೋದರು.

ಮೈದುನ ಒಳಗೆ ಬಂದು ಕೂಗಾಡಲಿಲ್ಲ. ಇದ್ದತ್ತಿನಲ್ಲಿ ಮುನ್ಸಿಪಾಲ್ಟಿಗೆ ಹೋಗಿ ಸಾಲಿನಲ್ಲಿ ನಿಲ್ಲುತ್ತೀರಾ, ಜಮಾತಿನಲ್ಲಿ ನನಗೆ ಮುಖ ಉಳಿಯುತ್ತದೆಯೇ ಎಂದು ಕೇಳಿದ. ಅಣ್ಣನ ಮರ್ಯಾದೆ ಅಂದ. ನಾನು, ಅಣ್ಣನ ಮಾತೂ ಇದೆಯಲ್ಲ ಅಂದೆ. ಇಬ್ಬರೂ ಅಣ್ಣನ ಹೆಸರನ್ನೇ ಹಿಡಿದು ಎಳೆದಾಡಿದೆವು. ಅವನು ಚಹಾ ಕುಡಿಯದೆ ಎದ್ದು ಹೋದ.

ನನ್ನ ತವರು ಮೂಡಲಗಿ. ಅಲ್ಲಿ ನನಗೆ ಕುರಾನ್ ಕಲಿಸಿದ ಆಪಾ ಇನ್ನೂ ಇದ್ದಾರೆ. ಹಲ್ಲಿಲ್ಲ, ಕಿವಿ ಮಂದ, ಫೋನಿನಲ್ಲಿ ಗಟ್ಟಿಯಾಗಿ ಮಾತಾಡಬೇಕು. ನಾಚಿಕೆಯಾದರೂ ಓಣಿಗೆ ಕೇಳುವಷ್ಟು ಗಟ್ಟಿಯಾಗಿ ಎಲ್ಲ ಹೇಳಿದೆ. ಅವರು ಒಂದು ಹಳೆಯ ಪ್ರಸಂಗ ಹೇಳಿದರು: ಮದೀನಾದಲ್ಲಿ ಇದ್ದತ್ತಿನಲ್ಲಿದ್ದ ಒಬ್ಬ ಹೆಂಗಸು ತನ್ನ ಖರ್ಜೂರದ ಗೊನೆ ಕೊಯ್ಯಲು ಹೊರಗೆ ಬಂದಾಗ ಯಾರೋ ಗದರಿಸಿದರಂತೆ. ಆಕೆ ಪೈಗಂಬರರ ಬಳಿ ಹೋಗಿ ಕೇಳಿದಾಗ ಅವರು, ಹೋಗು, ಕೊಯ್ಯಿ, ಅದರಿಂದ ದಾನವೋ ಒಳ್ಳೆಯ ಕೆಲಸವೋ ಆಗಬಹುದು ಎಂಬ ಅರ್ಥದ ಮಾತು ಹೇಳಿದರಂತೆ. ಆಪಾ ಇದನ್ನು ಹೇಳಿ, ಅದು ತಲಾಕಾದವಳ ಇದ್ದತ್ತು, ನಿನ್ನದು ಬೇರೆ, ಆದರೆ ನಿನಗೂ ಜರೂರಿ ಕೆಲಸಕ್ಕೆ ಹಗಲು ಹೊತ್ತು ಹೋಗಲು ಅಡ್ಡಿ ಇಲ್ಲ ಎಂದರು. ರಾತ್ರಿಯೊಳಗೆ ನಿನ್ನ ಮನೆಗೆ ಮರಳಿದರೆ ಸಾಕು ಎಂದರು. ಮತ್ತೆ ಬಯ್ದರು: "ಹೋಗಾಕ ಬರತೈತೊ ಇಲ್ಲೊ ಅನ್ನೂದ ನನ್ನ ಕೇಳ್ತಿ. ಹೋಗಾಕ ಮನಸ ಐತೊ ಇಲ್ಲೊ, ಅದನ್ನ ಯಾರನ್ನ ಕೇಳ್ತಿ?"

ನಾನು ಬುರ್ಖಾ ಹಾಕಿಕೊಂಡು ಕಚೇರಿಗೆಂದು ಹೊಸ್ತಿಲು ದಾಟಿದೆ. ಕಾಕಾ ಹತ್ತು ಹೆಜ್ಜೆ ಮುಂದೆ ನಡೆದರು, ನಾನು ಹಿಂದೆ. ಅವರು ಒಮ್ಮೆಯೂ ತಿರುಗಿ ನೋಡಲಿಲ್ಲ, ಆದರೆ ಗಾಡಿ ಬಂದಾಗೆಲ್ಲ ನಿಲ್ಲುತ್ತಿದ್ದರು.

ನಗರಸಭೆಯ ಕಚೇರಿಯಲ್ಲಿ ಒಬ್ಬ ಹೆಣ್ಣುಮಗಳು ಅಧಿಕಾರಿಯಾಗಿದ್ದರು. ನನ್ನನ್ನು ಕುರ್ಚಿಯ ಮೇಲೆ ಕೂರಿಸಿದರು. ನಾನು ಹೇಳಿದ್ದನ್ನು ಕೇಳಿ, ದಾನಪತ್ರ ಮಾಡಿ ನಗರಸಭೆಗೆ ಬರೆದುಕೊಡಿ, ಆಗ ಜಾಗ ಸಾರ್ವಜನಿಕವಾಗುತ್ತದೆ ಎಂದರು. ನನಗೆ ಒಂದು ತೊಡಕು ಹೊಳೆಯಿತು. ನಮ್ಮವರು ನಗರಸಭೆಗೆ ಕೊಟ್ಟಿರಲಿಲ್ಲ, ಓಣಿಗೆ ಕೊಟ್ಟಿದ್ದರು. ಓಣಿಯ ಹೆಸರಿಗೇ ಬರೆಯಬಹುದೇ ಎಂದು ಕೇಳಿದೆ. ಓಣಿ ಎಂಬ ವ್ಯಕ್ತಿ ಕಾನೂನಿನಲ್ಲಿ ಇಲ್ಲ ಎಂದರು ಅವರು, ನಗದೆ. ನಗರಸಭೆಗೆ ಕೊಟ್ಟರೆ ಮುಂದೆ ಅವರೇ ಅಲ್ಲಿ ಅಂಗಡಿ ಕಟ್ಟಿ ಹರಾಜು ಹಾಕಿದರೆ? ಅವರು ಪೆನ್ನು ಕೆಳಗಿಟ್ಟು, ಮುಂದೆ ಆರಿಸಿ ಬರುವವರು ಏನು ಮಾಡುತ್ತಾರೆಂದು ನಾನು ಮಾತು ಕೊಡಲಾರೆ ಎಂದರು. ಆ ಪ್ರಾಮಾಣಿಕತೆ ಹಿಡಿಸಿತು, ಹೆದರಿಕೆಯೂ ಆಯಿತು.

ಜಮಾತಿನ ಹಿರಿಯರೊಬ್ಬರು ಅದೇ ವಾರ, ಮಸೀದಿಗೆ ವಕ್ಫ್ ಮಾಡಿಬಿಡು, ಅಲ್ಲಾಹನಿಗೆ ಕೊಟ್ಟದ್ದನ್ನು ಯಾರೂ ಮಾರುವ ಹಾಗಿಲ್ಲ ಎಂದು ಹೇಳಿ ಕಳಿಸಿದರು. ಅದೂ ಸರಿಯೇ. ಹಳೆಯ ಕಾಲದವರು ಬಾವಿಗಳನ್ನು ಹಾಗೆಯೇ ಜನಕ್ಕೆ ಬಿಟ್ಟುಕೊಟ್ಟರು. ಆದರೆ ಈ ದಿನಗಳು ಬೇರೆ. ಮಸೀದಿಯ ಜಾಗ ಎಂದು ಫಲಕ ಬಿದ್ದ ಮೇಲೆ ಕುರುಬರ ಮನೆಯ ಅಜ್ಜಿ ಅಲ್ಲಿ ಕೊಡ ಇಡಲು ಹಿಂದೆ ಮುಂದೆ ನೋಡುತ್ತಾಳೆ. ಯಾರೋ ಬಂದು ಇದು ಯಾರ ನೀರು ಎಂದು ಕೇಳುತ್ತಾರೆ. ಮಸೀದಿಗೆ ಕೊಟ್ಟರೆ ಅರ್ಧ ಓಣಿ ಹೊರಗೆ, ನಗರಸಭೆಗೆ ಕೊಟ್ಟರೆ ನಾಳೆಯ ಭರವಸೆ ಇಲ್ಲ, ಇಟ್ಟುಕೊಂಡರೆ ಮಾತು ಸುಳ್ಳು. ನಾನು ಮತ್ತೆ ಅಡುಗೆಮನೆಯಿಂದ ಹಿತ್ತಲಿಗೆ, ಹಿತ್ತಲಿಂದ ಖೋಲಿಗೆ. ಹೀಗಿದ್ದಾಗ ನಮ್ಮವರನ್ನು ಕೇಳುವುದು ನನ್ನ ಅಭ್ಯಾಸ. ತಿರುಗಿ ಬಾಯಿ ತೆರೆದು, ಆಮೇಲೆ ನೆನಪಾಗಿ ಮುಚ್ಚುತ್ತಿದ್ದೆ.

ಕಾಕಾ ಒಂದು ದಾರಿ ಹೇಳಿದರು. ದಾನಪತ್ರದಲ್ಲಿ ಷರತ್ತು ಹಾಕಲು ಬರುತ್ತದೆ. ಈ ಜಾಗ ಸಾರ್ವಜನಿಕ ನೀರಿಗೆ ಮಾತ್ರ, ಬೇರೆ ಯಾವುದಕ್ಕೂ ಬಳಸಕೂಡದು. "ಷರತ್ತು ಮುರದ್ರ ಕೋರ್ಟಿಗೆ ಹೋಗಾಕ ಓಣ್ಯಾಗ ಯಾರರೆ ಒಬ್ಬರು ಜೀವಂತ ಇರಬೇಕು, ಅಷ್ಟ ನೋಡವ್ವಾ" ಅಂದರು. ಅಧಿಕಾರಿಯೂ ಒಪ್ಪಿದರು, ನಾನು ಕೊಟ್ಟ ಹೇಳಿಕೆಯ ಮೇಲೆ ನಳಕ್ಕೆ ಸದ್ಯಕ್ಕೆ ಕೈ ಹಚ್ಚುವುದಿಲ್ಲ ಎಂದರು. ಆದರೆ ವಾರಸುದಾರರಲ್ಲಿ ಮುಕ್ಕಾಲು ಪಾಲಿನವನ ಸಹಿ ಇಲ್ಲದೆ ಪತ್ರವೇ ಇಲ್ಲ. ನನಗೆ ವಿಚಿತ್ರವೆನ್ನಿಸಿತು. ಅಷ್ಟು ವರ್ಷ ಇಬ್ಬರು ಗಂಡಸರು ಎರಡು ಆಡಳಿತಗಳನ್ನು ಕಟ್ಟೆಯ ಎರಡು ತುದಿಗೆ ಕೂರಿಸಿ ಜಗಳವಾಡಿದ್ದರು. ಇಲ್ಲಿ ನೋಡಿದರೆ ಆ ಹಳೆಯ ಶರೀಅತ್ತಿನ ಲೆಕ್ಕವೇ ಹೊಸ ಕಚೇರಿಯ ಕುರ್ಚಿಯಲ್ಲಿ ಕೂತು ನನಗೆ ಕಾಲು, ಅವನಿಗೆ ಮುಕ್ಕಾಲು ಎನ್ನುತ್ತಿತ್ತು.

ಇದ್ದತ್ತು ಮುಗಿದ ಮೇಲೆ ಹುಕ್ಕೇರಿಗೆ ಹೋದೆ. ಬಸ್ಸು ಬೆಲ್ಲದ ಬಾಗೇವಾಡಿಯಲ್ಲಿ ಬಹಳ ಹೊತ್ತು ನಿಂತಿತು. ಇಳಿದು ವಾಪಸು ಹೋಗಿಬಿಡಲೇ ಎಂದು ಎದ್ದು ನಿಂತವಳು, ಹಿಂದಿನವರು ಬೈದ ಮೇಲೆ ಕೂತೆ. ಮೈದುನನ ಅಂಗಡಿಯಲ್ಲಿ ವೆಲ್ಡಿಂಗಿನ ಕಿಡಿ ಹಾರುತ್ತಿತ್ತು. ನನ್ನನ್ನು ನೋಡಿ ಕೆಲಸ ನಿಲ್ಲಿಸಿ, ಕನ್ನಡಕ ಹಣೆಗೆ ಏರಿಸಿ, ಕುರ್ಚಿ ಒರೆಸಿ ಕೊಟ್ಟ. ಸುಮಾರು ಹೊತ್ತು ಅವನೇ ಮಾತಾಡಿದ. ತಾನು ಆ ಮೂಲೆ ತಿನ್ನಲು ಕೇಳುತ್ತಿಲ್ಲ ಎಂದ. ತಾನೂ ನಾಳೆ ಎದೆ ಹಿಡಿದು ಬಿದ್ದರೆ ನನ್ನನ್ನು ನೋಡುವವರು ಯಾರು ಎಂದ. ಓಣಿಯ ಮಂದಿಗೆ ಈಗ ಮನೆಮನೆಗೆ ನಳ ಬರುತ್ತಿದೆ, ಆ ಮೂಲೆ ಯಾರಿಗೆ ಬೇಕು ಎಂದ. ಅದರಲ್ಲಿ ನಿಜವೂ ಇತ್ತು. ಮನೆಯ ನಳ ಇನ್ನೂ ಅರ್ಧ ಓಣಿಗೆ ಬಂದಿರಲಿಲ್ಲ, ಅಷ್ಟೇ.

ನಾನು ವಾದ ಮಾಡಲಿಲ್ಲ. ಒಂದೇ ಕೇಳಿದೆ.

"ಅಣ್ಣ ಅವತ್ತ ಹೇಳಿದ್ದು ನೀ ಕೇಳೀದ್ಯೊ ಇಲ್ಲೊ?"

ಅವನು ಕೈಯಲ್ಲಿದ್ದ ಕಬ್ಬಿಣದ ಪಟ್ಟಿಯನ್ನು ತಿರುಗಿಸುತ್ತ ಕೂತ.

"ಉತಾರದಾಗ ಇಲ್ಲ ಭಾಭಿ."

"ಉತಾರದ ಸುದ್ದಿ ಕೇಳಿಲ್ಲ ನಾ. ನೀ ಅಲ್ಲೇ ಕ್ಯಾನ ಇಳಸಾಕತ್ತಿದ್ದಿ. ಕೇಳೀದ್ಯೊ ಇಲ್ಲೊ?"

"ಕೇಳೇನಿ."

 ಅಂಗಡಿಯ ಮುಂದೆ ಟ್ರ್ಯಾಕ್ಟರಿನ ಟ್ರೇಲರ್ ತಂದವರೊಬ್ಬರು ಕರೆದರೂ ಅವನು ಎದ್ದು ಹೋಗಲಿಲ್ಲ. ಕೇಳಿಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸುಳ್ಳು ಹೇಳಲು ಅವನಿಗೆ ಬರಲಿಲ್ಲ. ಅದೊಂದನ್ನೇ ನಂಬಿ ನಾನು ಹೋಗಿದ್ದೆ. ಕೊನೆಗೆ, ದಿನ ಹೇಳಿ, ಬರುತ್ತೇನೆ ಅಂದ. ದನಿಯಲ್ಲಿ ಸಿಟ್ಟಿತ್ತು.

ವಾರಸಾ ದಾಖಲಾಗಿ, ನಕ್ಷೆಯಾಗಿ, ಉಪನೋಂದಣಿ ಕಚೇರಿಯಲ್ಲಿ ದಿನ ಸಿಗುವ ಹೊತ್ತಿಗೆ ಬೇಸಿಗೆ ಮುಗಿದಿತ್ತು. ಅವನು ಹೇಳಿದ ವೇಳೆಗೆ ಬಂದ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಕಾಕಾ ಸಾಕ್ಷಿ. ನಮ್ಮ ಫೋಟೊ ತೆಗೆದರು, ಹೆಬ್ಬೆರಳು ಒತ್ತಿಸಿಕೊಂಡರು. ವೆಲ್ಡಿಂಗ್ ಮಾಡಿ ಸವೆದ ಅವನ ಬೆರಳಿನ ಗುರುತು ಯಂತ್ರಕ್ಕೆ ಬೇಗ ಹತ್ತಲಿಲ್ಲ. ನೀರು ಹಚ್ಚಿ ಒರೆಸಿ ಮತ್ತೆ ಮತ್ತೆ ಒತ್ತಿದ. ನಾನು ಆಗ ಎದ್ದು ಕಿಟಕಿಯ ಬಳಿ ಹೋಗಿ ಮತ್ತೆ ಬಂದು ಕೂತೆ. ನೋಂದಣಿ ಅಧಿಕಾರಿ ಕೊನೆಯಲ್ಲಿ ಎಲ್ಲರನ್ನೂ ಕೇಳುವ ಪ್ರಶ್ನೆ ಕೇಳಿದರು: ಯಾರ ಒತ್ತಾಯವೂ ಇಲ್ಲದೆ ಸ್ವಂತ ಮನಸ್ಸಿನಿಂದ ಕೊಡುತ್ತಿದ್ದೀರಾ? ನಾನು ಹೌದು ಎಂದೆ. ಅವನ ಸರದಿ ಬಂತು.

"ಅಣ್ಣನ ಮನಸಿನಿಂದ ಕೊಡಾಕತ್ತೇನ್ರಿ" ಅಂದ.

"ಹಂಗ ಬರಕೊಳ್ಳಾಕ ಬರೂದಿಲ್ರಿ. ನಿಮ್ಮ ಮನಸಿನಿಂದ?"

ಅವನು ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಮಂದಿ ತಮ್ಮ ಸರದಿ ಬರಲಿಲ್ಲವೆಂದು ಗೊಣಗುತ್ತಿದ್ದರು.

"ಹೂಂನ್ರಿ" ಅಂದ.

ಠಸ್ಸೆ ಬಿತ್ತು. ಆ ಹೂಂ ಬಗ್ಗೆ ನಾನು ಈಗಲೂ ತಲೆ ಕೆಡಿಸಿಕೊಳ್ಳುತ್ತೇನೆ. ಕಚೇರಿಗೆ ಅಷ್ಟು ಸಾಕು, ಮನಸ್ಸಿನೊಳಗೆ ಕೈ ಹಾಕಿ ನೋಡುವುದು ಅದರ ಕೆಲಸವಲ್ಲ, ಅದಕ್ಕೇ ಕಚೇರಿ ನಡೆಯುತ್ತದೆ ಎಂದು ಕಾಕಾ ಹೇಳುತ್ತಾರೆ. ಮನಸ್ಸಿಲ್ಲದೆ ಕೊಟ್ಟ ಕೈಯನ್ನು ನಮ್ಮವರು ಕೊಟ್ಟ ಕೈ ಎನ್ನುತ್ತಿರಲಿಲ್ಲ. ನಾನು ಮಾತ್ರ ಆ ಹೂಂ ಬೇಕೆಂದು ಹುಕ್ಕೇರಿಯವರೆಗೆ ಹೋಗಿದ್ದೆ.

ಹೊರಗೆ ಬಂದ ಮೇಲೆ ಕಾಕಾ ಮುಂದೆ ನಡೆದರು. ಬಸ್ ನಿಲ್ದಾಣದವರೆಗೆ ನಾನೂ ಮೈದುನನೂ ಹಿಂದೆ ಬಂದೆವು. ಅಲ್ಲಿ ಅವನು, ಹೊಟ್ಟೆಗೆ ಏನು ಮಾಡುತ್ತೀರಿ, ಅದಕ್ಕೆ ನಿಮ್ಮ ಖಲೀಫರು ಏನಾದರೂ ಹೇಳಿದ್ದಾರೆಯೇ ಎಂದು ಕುಟುಕಿದ. ಅವರ ಕಾಲದಲ್ಲಿ ವಿಧವೆಯರಿಗೂ ಬೊಕ್ಕಸದಿಂದ ಕೊಡುತ್ತಿದ್ದರು ಎಂದು ನಮ್ಮವರು ಹೇಳುತ್ತಿದ್ದದ್ದು ನೆನಪಿಗೆ ಬಂತು, ಹೇಳಲಿಲ್ಲ. ಸರಕಾರದ ವಿಧವಾ ಪಗಾರಕ್ಕೆ ಅರ್ಜಿ ಕೊಟ್ಟಿದ್ದೇನೆ ಎಂದಷ್ಟೇ ಹೇಳಿದೆ. ಅವನು ತಲೆ ಅಲ್ಲಾಡಿಸಿದ. ಯಾವ ಅರ್ಥದಲ್ಲಿ ಎಂದು ತಿಳಿಯಲಿಲ್ಲ.

ಹುಕ್ಕೇರಿಯ ಬಸ್ಸು ಬಂತು. ನಮ್ಮ ಕಡೆ ಹೊರಡುವವರು ಹೋಗುತ್ತೇನೆ ಎನ್ನುವುದಿಲ್ಲ, ಬರುತ್ತೇನೆ ಎನ್ನುತ್ತಾರೆ. ಅವನು ಎರಡೂ ಅನ್ನದೆ ಹತ್ತಿದ. ನಾನು ಮಲಗುವ ಖೋಲಿ, ಅಡುಗೆಮನೆ, ಹಿತ್ತಲು, ಎಲ್ಲದರಲ್ಲೂ ಮುಕ್ಕಾಲು ಇನ್ನೂ ಅವನದೇ. ಹೊರಗಿನ ಆ ಒಂದು ಮೂಲೆಯಲ್ಲಿ ಮಾತ್ರ ನನ್ನದೂ ಇಲ್ಲ, ಅವನದೂ ಇಲ್ಲ. ಬಸ್ಸಿನ ಕಿಟಕಿಯಿಂದ ಅವನು ಈ ಕಡೆ ನೋಡುತ್ತಾನೇನೋ ಎಂದು ನಾನು ಸ್ವಲ್ಪ ಹೊತ್ತು ನಿಂತೆ. ಬಿಸಿಲಿಗೆ ಗಾಜು ಹೊಳೆಯುತ್ತಿತ್ತು, ಏನೂ ಕಾಣಲಿಲ್ಲ.